ನ್ಯಾನೊ ಕಣ ಹಾಕಿದರೂ ರಾಮನ್ ಪೀಕ್ ಏಳುತ್ತಿಲ್ಲವೇ? ಸರ್ಸ್ ದೋಷ ನಿವಾರಣೆ ಕೈಪಿಡಿ

ಬೆಳ್ಳಿಯದೋ ಚಿನ್ನದ್ದೋ ಕೊಲಾಯ್ಡ್‌ಗೆ (ನ್ಯಾನೊ ಕಣಗಳು ತೇಲುತ್ತಿರುವ ದ್ರವಕ್ಕೆ) ಮಾದರಿ ಬೆರೆಸಿ ಲೇಸರ್ ಹಾಯಿಸಿದಾಗ ತೆರೆಯ ಮೇಲೆ ಬರೀ ಚಪ್ಪಟೆ ಗೆರೆ ಬಂದರೆ ಹೆಚ್ಚಿನವರು ಎರಡರಲ್ಲಿ ಒಂದು ಕೆಲಸ ಮಾಡುತ್ತಾರೆ. ಲೇಸರ್ ಶಕ್ತಿ ಏರಿಸುತ್ತಾರೆ, ಇಲ್ಲವೇ ಮಾದರಿಯನ್ನು ಇನ್ನಷ್ಟು ಸುರಿಯುತ್ತಾರೆ. ಎರಡರಿಂದಲೂ ಸಾಮಾನ್ಯವಾಗಿ ಪರಿಸ್ಥಿತಿ ಇನ್ನಷ್ಟು ಹದಗೆಡುತ್ತದೆ. ಅಣುವಿಗೆ ಬಡಿದ ಲೇಸರ್ ಬೆಳಕು ತರಂಗಾಂತರ ಬದಲಿಸಿ ಚದುರುವುದು ರಾಮನ್ ಚದುರಿಕೆ; ಅದರ ಪೀಕ್‌ಗಳಿಂದ ಅಣುವಿನ ಗುರುತು ಸಿಗುತ್ತದೆ. ಸರ್ಸ್, ಅಂದರೆ ಲೋಹದ ಮೇಲ್ಮೈಯಿಂದ ಅದನ್ನು ಬಲಪಡಿಸುವ ಮೇಲ್ಮೈ ವರ್ಧಿತ ರಾಮನ್ ಚದುರಿಕೆಯಲ್ಲಿ ಸಿಗ್ನಲ್ ಬಾರದಿದ್ದರೆ ಅದಕ್ಕೆ ಬೆಳಕಿಗಿಂತ ರಸಾಯನಶಾಸ್ತ್ರವೇ ಹೆಚ್ಚು ಸಲ ಕಾರಣ. ಅಣು ಲೋಹಕ್ಕೆ ಅಂಟಿಲ್ಲ. ಅಂಟಿದ್ದರೂ ಕಣಗಳು ಒಂದರ ಪಕ್ಕ ಒಂದು ಬಂದಿಲ್ಲ. ಬಂದಿದ್ದರೂ ನೀವು ಅಳೆಯುವ ಹೊತ್ತಿಗೆ ಗುಂಪುಗಟ್ಟಿ ತಳ ಸೇರಿವೆ. ಆದರೂ ಯಂತ್ರವನ್ನು ಮೊದಲು ಪರೀಕ್ಷಿಸಬೇಕು. ಅದು ತಪ್ಪಿತಸ್ಥ ಎಂದಲ್ಲ, ಅದನ್ನು ಹತ್ತು ನಿಮಿಷದಲ್ಲಿ ಸಂದೇಹದಿಂದ ಹೊರಗಿಡಬಹುದು ಎಂಬ ಕಾರಣಕ್ಕೆ.

ಕೆಳಗೆ ಪೀಕ್‌ಗಳ ಜಾಗಕ್ಕೆ ಬರೀ ಅಂಕಿ ಬರೆದಿದ್ದರೆ ಅದು ಸೆಂ.ಮೀ⁻¹ ಎಂದು ತಿಳಿಯಿರಿ. ಲೇಸರ್‌ಗೋ ಕೊಲಾಯ್ಡ್‌ನ ಹೀರಿಕೆಯ ಶಿಖರಕ್ಕೋ ಬರೀ ಅಂಕಿ ಇದ್ದರೆ ಅದು ನ್ಯಾನೊಮೀಟರ್.

ವರ್ಧನೆ ಎಲ್ಲಿಂದ ಬರುತ್ತದೆ

1974ರಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಅವರು ಒರಟು ಮಾಡಿದ ಬೆಳ್ಳಿ ವಿದ್ಯುದಗ್ರದ ಮೇಲೆ ಪಿರಿಡಿನ್‌ನ ರಾಮನ್ ಪೀಕ್‌ಗಳನ್ನು ಎದ್ದು ಕಾಣುವಷ್ಟು ಬಲವಾಗಿ ಪಡೆದರು. ಒರಟು ಮೇಲ್ಮೈಯಲ್ಲಿ ಹೆಚ್ಚು ಅಣುಗಳು ಕೂರುವುದೇ ಇದಕ್ಕೆ ಕಾರಣ ಎಂಬುದು ಆಗಿನ ತಿಳಿವಳಿಕೆ. 1977ರಲ್ಲಿ ಜೀನ್‌ಮೇರ್ ಮತ್ತು ವ್ಯಾನ್ ಡೈನ್ ಒಂದು ಕಡೆ, ಆಲ್ಬ್ರೆಕ್ಟ್ ಮತ್ತು ಕ್ರೈಟನ್ ಇನ್ನೊಂದು ಕಡೆ, ಲಕ್ಷ ಪಟ್ಟಿನ ಹೆಚ್ಚಳವನ್ನು ಬರೀ ವಿಸ್ತೀರ್ಣದಿಂದ ವಿವರಿಸಲಾಗದು ಎಂದು ತೋರಿಸಿದರು. ಇಂದಿಗೂ ಪ್ರಯೋಗಾಲಯಗಳಲ್ಲಿ ಆ 1974ರ ಊಹೆಯೇ ಬೇರೆ ವೇಷದಲ್ಲಿ ಓಡಾಡುತ್ತಿದೆ: "ಸಿಗ್ನಲ್ ಸಾಲದು, ಇನ್ನಷ್ಟು ಕಣ ಹಾಕು."

ವಾಸ್ತವದಲ್ಲಿ ದುಡಿಯುವುದು ವಿದ್ಯುತ್ ಕ್ಷೇತ್ರ. ಲೇಸರ್ ಬೆಳಕಿಗೆ ಲೋಹದ ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡಿದಾಗ ಕಣದ ಅಂಚಿನಲ್ಲಿ ಕ್ಷೇತ್ರ ಬಲಗೊಳ್ಳುತ್ತದೆ, ಮತ್ತು ರಾಮನ್ ತೀವ್ರತೆ ಸರಿಸುಮಾರು ಆ ಬಲದ ನಾಲ್ಕನೇ ಘಾತದಂತೆ ಏರುತ್ತದೆ. ಕ್ಷೇತ್ರ 10 ಪಟ್ಟಾದರೆ ಸಿಗ್ನಲ್ 10,000 ಪಟ್ಟು. ಈ ಬಲ ಎರಡು ಕಣಗಳ ನಡುವಿನ 1–2 ನ್ಯಾನೊಮೀಟರ್ ಸಂದಿಯಲ್ಲಿ ಅತಿ ಹೆಚ್ಚು. ಅದನ್ನೇ ಹಾಟ್‌ಸ್ಪಾಟ್ ಎನ್ನುವುದು. ಲೋಹದಿಂದ ಕೆಲವೇ ನ್ಯಾನೊಮೀಟರ್ ದೂರ ಸರಿದ ಅಣುವಿಗೆ ಇದರಿಂದ ಏನೂ ದಕ್ಕುವುದಿಲ್ಲ. ಮುಂದೆ ಬರುವ ಬಹುಪಾಲು ದೋಷಗಳು ಈ ಒಂದು ಮಾತಿಗೆ ಬಂದು ನಿಲ್ಲುತ್ತವೆ.

ಯಂತ್ರ ಸರಿಯಿದೆಯೇ

ಸಿಲಿಕಾನ್ ಬಿಲ್ಲೆಯ ಒಂದು ತುಂಡು ಇಟ್ಟು ಅಳೆಯಿರಿ. 520.5ರ ಆಸುಪಾಸಿನಲ್ಲಿ ಒಂದೇ ಒಂದು ಚೂಪಾದ ಪೀಕ್ ಬರಬೇಕು. ಜಾಗ ಸರಿದಿದ್ದರೆ ಕ್ಯಾಲಿಬ್ರೇಷನ್ ಹೋಗಿದೆ. ಜಾಗ ಸರಿಯಿದ್ದು ಎತ್ತರ ಮಾತ್ರ ಎಂದಿನದಕ್ಕಿಂತ ಕುಗ್ಗಿದ್ದರೆ ಫೋಕಸ್, ಸ್ಲಿಟ್ (ಬೆಳಕು ಒಳಬರುವ ಸೀಳು), ಆಬ್ಜೆಕ್ಟಿವ್ (ಮಾದರಿಯ ಎದುರಿನ ಮಸೂರ) ಮೇಲಿನ ಕೊಳೆ, ಲೇಸರ್ ಕಿರಣದ ದಾರಿ, ಈ ಕ್ರಮದಲ್ಲಿ ನೋಡುತ್ತ ಹೋಗಿ. "ಎಂದಿನ" ಎತ್ತರ ಎಷ್ಟೆಂದು ತಿಳಿಯಬೇಕಾದರೆ ಅದೇ ಶಕ್ತಿ, ಅದೇ ಸಮಯ, ಅದೇ ಆಬ್ಜೆಕ್ಟಿವ್ ಇಟ್ಟು ದಿನವೂ ಬರೆದಿಟ್ಟ ದಾಖಲೆ ಬೇಕು. ಅದಿಲ್ಲದಿದ್ದರೆ ಇವತ್ತಿನಿಂದ ಬರೆದಿಡಿ.

ದ್ರವದಲ್ಲಿ ಅಳೆಯುವವರಿಗೆ ಸಿಲಿಕಾನ್ ಒಂದೇ ಸಾಲದು. ನೀವು ಬಳಸುವ ಅದೇ ಕ್ಯೂವೆಟ್ (ಅಳತೆಗೆ ಬಳಸುವ ಪುಟ್ಟ ಪಾರದರ್ಶಕ ಪಾತ್ರೆ) ಅಥವಾ ಸೀಸೆಯಲ್ಲಿ ಶುದ್ಧ ಎಥನಾಲ್ ತುಂಬಿ ಅಳೆಯಿರಿ. 884ರಲ್ಲಿ ಬಲವಾದ ಪೀಕ್, 1052, 1096, 1454ರಲ್ಲಿ ಉಳಿದವು ಕಾಣಬೇಕು. ಸಿಲಿಕಾನ್ ಚೆನ್ನಾಗಿ ಬಂದು ಎಥನಾಲ್ ಬಾರದಿದ್ದರೆ ನಿಮ್ಮ ಫೋಕಸ್ ಗಾಜಿನ ಗೋಡೆಯಲ್ಲೋ ದ್ರವದ ಮೇಲಿನ ಗಾಳಿಯಲ್ಲೋ ಇದೆ. ಕೊಲಾಯ್ಡ್‌ಗೆ ಬಂದಾಗ ಇನ್ನೊಂದು ತೊಡಕು: ಅದು ಬೆಳಕನ್ನು ತಾನೇ ಹೀರಿ ಚದುರಿಸುತ್ತದೆ. ಫೋಕಸ್ ತೀರಾ ಆಳಕ್ಕಿಳಿಸಿದರೆ ಒಳಗೆ ಹೋಗುವ ಲೇಸರ್ರೂ ಹೊರಗೆ ಬರುವ ರಾಮನ್ ಬೆಳಕೂ ದಾರಿಯಲ್ಲೇ ಸೋರಿಹೋಗುತ್ತವೆ. ಗೋಡೆ ದಾಟಿದ ಕೂಡಲೇ ನಿಲ್ಲಿಸಿ.

532 ನ್ಯಾನೊಮೀಟರ್ ಲೇಸರ್‌ನಲ್ಲಿ ಏನೇ ಅಳೆದರೂ 484ರ ಹತ್ತಿರ ಒಂದು ಚೂಪು ಗೆರೆ ಬರುತ್ತಿದ್ದರೆ ಅದು ಹೊಸ ಸಂಶೋಧನೆಯಲ್ಲ, ಕೋಣೆಯ ಟ್ಯೂಬ್‌ಲೈಟ್. ಅದರೊಳಗಿನ ಪಾದರಸದ 546.1 ನ್ಯಾನೊಮೀಟರ್ ಹಸಿರು ಗೆರೆ ಲೆಕ್ಕ ಹಾಕಿದರೆ ಸರಿಯಾಗಿ ಅಲ್ಲೇ ಬೀಳುತ್ತದೆ. ದೀಪ ಆರಿಸಿ ನೋಡಿ. ಹಾಗೆಯೇ ಒಂದೆರಡು ಪಿಕ್ಸೆಲ್ ಅಗಲದ, ಮರು ಅಳತೆಯಲ್ಲಿ ಮಾಯವಾಗುವ ಸೂಜಿಮೊನೆಯಂಥ ಗೆರೆಗಳು ಕಾಸ್ಮಿಕ್ ಕಿರಣಗಳು. 785ರಲ್ಲಿ ಸಾಮಾನ್ಯ ಗಾಜಿನ ಸೀಸೆ 1400ರ ಸುತ್ತ ಅಗಲ ದಿಬ್ಬ ಕೊಡುತ್ತದೆ; ಕ್ವಾರ್ಟ್ಸ್ ಕ್ಯೂವೆಟ್ ಹಾಕಿದರೆ ಹೋಗುತ್ತದೆ. ಅಂದಹಾಗೆ, 785ರ ಕಿರಣ ಕಣ್ಣಿಗೆ ಮಂದವಾಗಿ ಕಾಣುತ್ತದೆಂದು ಸಸಾರ ಮಾಡಬೇಡಿ. ಕಣ್ಣಿಗೆ ತಿಳಿಯುವುದಕ್ಕಿಂತ ಅದರ ಶಕ್ತಿ ಎಷ್ಟೋ ಹೆಚ್ಚು. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವಿಲ್ಲದೆ ಕಿರಣದ ದಾರಿಗೆ ಕೈ ಹಾಕಬಾರದು.

ಕೊಲಾಯ್ಡ್ ಕೆಟ್ಟಿದೆಯೇ

ಇದಕ್ಕೆ ಯುವಿ-ವಿಸಿಬಲ್ ರೋಹಿತದಷ್ಟು (ಯಾವ ತರಂಗಾಂತರದ ಬೆಳಕು ಎಷ್ಟು ಹೀರಲ್ಪಟ್ಟಿತು ಎಂಬ ನಕ್ಷೆಯಷ್ಟು) ನೇರವಾಗಿ ಉತ್ತರ ಹೇಳುವ ಉಪಕರಣ ಇನ್ನೊಂದಿಲ್ಲ. ಬೆಳ್ಳಿ ಕೊಲಾಯ್ಡನ್ನು ನೀರಿನಲ್ಲಿ ತೆಳುಮಾಡಿ ಅಳೆಯಿರಿ. ಹಾಗೇ ಇಟ್ಟರೆ ಅದು ಎಷ್ಟೋ ಸಲ ಉಪಕರಣದ ಮಿತಿ ಮೀರಿ ಹೀರುತ್ತದೆ. ಲೀ–ಮೀಸೆಲ್ ವಿಧಾನದಲ್ಲಿ 90 ಮಿ.ಗ್ರಾಂ. ಸಿಲ್ವರ್ ನೈಟ್ರೇಟನ್ನು 500 ಮಿ.ಲೀ. ನೀರಿನಲ್ಲಿ ಕುದಿಸಿ, 1% ಟ್ರೈಸೋಡಿಯಂ ಸಿಟ್ರೇಟ್ ದ್ರಾವಣ 10 ಮಿ.ಲೀ. ಸೇರಿಸಿ, ಸುಮಾರು ಒಂದು ಗಂಟೆ ಕುದಿಯಲು ಬಿಡುವುದು. ಹೀಗೆ ಬಂದ ಕೊಲಾಯ್ಡ್ ಹಸಿರು ಛಾಯೆಯ ಹಳದಿ-ಬೂದು ಬಣ್ಣದ್ದಾಗಿದ್ದು, ಹೀರಿಕೆಯ ಶಿಖರ 420 ನ್ಯಾನೊಮೀಟರ್ ಸುತ್ತ ಇರುತ್ತದೆ. ಈ ವಿಧಾನದಲ್ಲಿ ಕಣಗಳ ಗಾತ್ರ ಆಕಾರ ಒಂದೇ ಸಮ ಬರುವುದಿಲ್ಲ, ಹಾಗಾಗಿ ಶಿಖರ ಅಗಲವಾಗಿರುವುದು ಸಹಜ, ದೋಷವಲ್ಲ. ದೋಷವೆಂದರೆ ಶಿಖರ ಕುಸಿದು ಅದರ ಬಾಲ 600–800 ನ್ಯಾನೊಮೀಟರ್‌ವರೆಗೆ ಎತ್ತರವಾಗಿ ಎಳೆದುಕೊಂಡು ಹೋಗುವುದು. ಅಂದರೆ ಕಣಗಳನ್ನು ಹತ್ತಿರ ತರಲು ನೀವು ಉಪ್ಪು ಹಾಕುವ ಮೊದಲೇ ಅವು ಗುಂಪುಗಟ್ಟಿವೆ. ಸಣ್ಣ ಚಿನ್ನದ ಕಣಗಳಾದರೆ ಶಿಖರ 520ರ ಸುತ್ತ, ಬಣ್ಣ ಮಾಣಿಕ್ಯದ ಕೆಂಪು. ನೇರಳೆಗೆ ತಿರುಗಿದ ಚಿನ್ನದ ಸೀಸೆಯ ಮೇಲೆ ಸಮಯ ಕಳೆಯಬೇಡಿ. ಒಡೆದ ಹಾಲನ್ನು ಅಲುಗಾಡಿಸಿ ಸರಿಮಾಡಲು ಹೇಗೆ ಆಗದೋ ಇದೂ ಹಾಗೆಯೇ.

ತಯಾರಿಸುವಾಗಲೇ ಕೆಡುತ್ತಿದ್ದರೆ ನೀರು ಮತ್ತು ಗಾಜಿನ ಸಾಮಾನನ್ನು ಶಂಕಿಸಿ. ಪಾತ್ರೆ ತೊಳೆದ ಕೊನೆಯ ನೀರಿಗೆ ಒಂದು ತೊಟ್ಟು ಸಿಲ್ವರ್ ನೈಟ್ರೇಟ್ ಬಿಟ್ಟು ಕಪ್ಪು ಹಿನ್ನೆಲೆಯಲ್ಲಿ ಹಿಡಿದು ನೋಡಿ. ಬಿಳಿ ಮೋಡ ಎದ್ದರೆ ಕ್ಲೋರೈಡ್ ಉಳಿದಿದೆ. ಹಿಂದಿನ ಬ್ಯಾಚ್‌ನ ಬೆಳ್ಳಿ ಗಾಜಿಗೆ ಕನ್ನಡಿಯಂತೆ ಮೆತ್ತಿಕೊಂಡಿದ್ದರೆ ಹೊಸ ಕಣಗಳು ಅದರ ಮೇಲೇ ಬೆಳೆಯುತ್ತವೆ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ತೆಗೆಯಿರಿ. ಚಿನ್ನಕ್ಕೆ ಅಕ್ವಾ ರೀಜಿಯಾ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಬೇಕು. ಅದನ್ನು ಫ್ಯೂಮ್ ಹುಡ್ ಒಳಗೇ, ಬೇಕಾದಷ್ಟೇ, ಆಗಿಂದಾಗ ಬೆರೆಸಿ. ಅನಿಲ ಬಿಡುತ್ತಲೇ ಇರುವುದರಿಂದ ಮುಚ್ಚಳ ಬಿಗಿದು ಇಡಬಾರದು, ಅಸಿಟೋನ್‌ನಂಥ ಸಾವಯವ ದ್ರಾವಕ ಅದರ ಹತ್ತಿರವೂ ಸುಳಿಯಬಾರದು.

ಇಡುವುದು ಕತ್ತಲಲ್ಲಿ, ತಂಪಿನಲ್ಲಿ, ಆದರೆ ಫ್ರೀಜರ್‌ನಲ್ಲಿ ಅಲ್ಲ. ಹೆಪ್ಪುಗಟ್ಟಿದರೆ ಕಣಗಳು ಒಂದಕ್ಕೊಂದು ಒತ್ತಿ ಮತ್ತೆ ಬಿಡಿಯಾಗುವುದಿಲ್ಲ. ಬೆಳ್ಳಿಯ ಆಯುಷ್ಯ ಚಿನ್ನಕ್ಕಿಂತ ಕಡಿಮೆ.

ಲೇಸರ್ ಮತ್ತು ಲೋಹದ ಜೋಡಿ

ಚಿನ್ನಕ್ಕೆ 532 ಒಗ್ಗುವುದಿಲ್ಲ. ಆ ಭಾಗದಲ್ಲಿ ಚಿನ್ನ ಬೆಳಕನ್ನು ಒಳಗೇ ನುಂಗಿ ಶಾಖ ಮಾಡುತ್ತದೆ. 633 ಅಥವಾ 785 ಹಾಕಿ. ಬೆಳ್ಳಿ ಮೂರಕ್ಕೂ ಒಗ್ಗುತ್ತದೆ. "ನನ್ನ ಬೆಳ್ಳಿಯ ಶಿಖರ 420ರಲ್ಲಿದೆ, ಹಾಗಾಗಿ ಲೇಸರ್ರೂ ಅಲ್ಲೇ ಇರಬೇಕಲ್ಲವೇ" ಎಂದು ಕೇಳುವವರಿದ್ದಾರೆ. ಬೇಡ. 420 ಒಂಟಿ ಕಣದ್ದು. ನಿಮಗೆ ಸಿಗ್ನಲ್ ಕೊಡುವುದು ಗುಂಪುಗಟ್ಟಿದ ಕಣ, ಅದರ ಅನುರಣನೆ (ಅದು ಅತಿ ಹೆಚ್ಚು ಸ್ಪಂದಿಸುವ ತರಂಗಾಂತರ) ಕೆಂಪಿನ ಕಡೆಗೆ ಬಹಳ ದೂರ ಸರಿದಿರುತ್ತದೆ.

ಅಣು ಲೋಹಕ್ಕೆ ಅಂಟುತ್ತಿದೆಯೇ

ಯಂತ್ರ, ಕೊಲಾಯ್ಡ್ ಎರಡೂ ಪಾಸಾದರೆ ಹೆಚ್ಚಿನ ಸಲ ಕಳ್ಳ ಸಿಗುವುದು ಇಲ್ಲಿ.

ಮೊದಲು ಖಚಿತವಾಗಿ ಅಂಟುವ ಒಂದು ಅಣುವನ್ನು ಹಾಕಿ ನೋಡಬೇಕು. ಅನೇಕರು ಇದಕ್ಕೆ ರೋಡಮೀನ್ 6ಜಿ ಅಥವಾ ಕ್ರಿಸ್ಟಲ್ ವಯೊಲೆಟ್ ಬಳಸುತ್ತಾರೆ. ಇವು ತೀರಾ ಉದಾರ ಪರೀಕ್ಷಕರು ಎಂಬುದು ನನ್ನ ಅಭಿಪ್ರಾಯ. ಧನ ಆವೇಶವಿರುವುದರಿಂದ ಸಿಟ್ರೇಟ್ ಹೊದ್ದ ಋಣ ಆವೇಶದ ಕಣಕ್ಕೆ ತಾವಾಗಿ ಹೋಗಿ ಅಂಟುತ್ತವೆ, ಗೋಚರ ಬೆಳಕನ್ನು ಹೀರುವುದರಿಂದ ಅನುರಣನೆಯ ಹೆಚ್ಚುವರಿ ಲಾಭವೂ ಸಿಗುತ್ತದೆ. ಅರ್ಧ ಸತ್ತ ಕೊಲಾಯ್ಡ್ ಕೂಡ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. 4-ಮರ್ಕ್ಯಾಪ್ಟೊಬೆಂಜೊಯಿಕ್ ಆಮ್ಲ ಮೇಲು. ಅದಕ್ಕೆ ಬಣ್ಣವಿಲ್ಲ, ಗಂಧಕದ ತುದಿಯಿಂದ ಲೋಹವನ್ನು ಬಿಗಿಯಾಗಿ ಹಿಡಿಯುತ್ತದೆ, 1076 ಮತ್ತು 1587ರ ಹತ್ತಿರ ಎರಡು ಸ್ಪಷ್ಟ ಪೀಕ್ ಕೊಡುತ್ತದೆ. ಅದು ಬಂದು ನಿಮ್ಮ ಅಣು ಬಾರದಿದ್ದರೆ ದೋಷ ಅಂಟುವಿಕೆಯಲ್ಲಿದೆ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೂ ನೇರವಾದ ಪರೀಕ್ಷೆ ಬೇಕೆಂದರೆ, ಮಾದರಿ ಮತ್ತು ಕೊಲಾಯ್ಡ್ ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು, ಕಣವೆಲ್ಲ ತಳ ಸೇರಿ ಮೇಲಿನ ದ್ರವ ತಿಳಿಯಾಗುವ ತನಕ ಸೆಂಟ್ರಿಫ್ಯೂಜ್ ಮಾಡಿ. ಆ ತಿಳಿಯ ಯುವಿ ರೋಹಿತ ತೆಗೆಯಿರಿ. ಅಷ್ಟೇ ನೀರಿಗೆ ಅಷ್ಟೇ ಮಾದರಿ ಹಾಕಿ ಇನ್ನೊಂದು ತೆಗೆದು ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಿಮ್ಮ ಅಣುಗಳಲ್ಲಿ ಗಣನೀಯ ಪಾಲು ಯಾವುದೂ ಲೋಹದ ಹತ್ತಿರ ಹೋಗಿಲ್ಲ. ಮಾದರಿಯ ಸಾಂದ್ರತೆ ಕಣದ ಮೇಲ್ಮೈಗೆ ಹಿಡಿಸುವುದಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಆದ್ದರಿಂದ ತೆಳು ದ್ರಾವಣದಲ್ಲಿ ಮಾಡಿ.

ಅಂಟದಿರಲು ಮೊದಲ ಕಾರಣ ಆವೇಶ. ಕಾರ್ಬಾಕ್ಸಿಲ್ ಗುಂಪಿರುವ ಅಣುವನ್ನೇ ತೆಗೆದುಕೊಳ್ಳಿ. ಬೆಂಜೊಯಿಕ್ ಆಮ್ಲದ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಟ್ಟಿರುವ ಪಿಎಚ್) 4.2. ತಟಸ್ಥ ಪಿಎಚ್‌ನಲ್ಲಿ ಅದು ಪೂರ್ತಿ ಋಣ ಆವೇಶದಲ್ಲಿರುತ್ತದೆ, ಕಣವೂ ಋಣ, ಎರಡೂ ದೂರ ತಳ್ಳಿಕೊಳ್ಳುತ್ತವೆ. ಹಾಗಾದರೆ ಆಮ್ಲ ಹಾಕಿ ಪಿಎಚ್ 3ಕ್ಕೆ ಇಳಿಸಿದರಾಯಿತಲ್ಲ? ಇಳಿಸಬಹುದು, ಆದರೆ ಸಿಟ್ರೇಟ್‌ನ ಪಿಕೆಎಗಳು 3.1, 4.8, 6.4. ಅಲ್ಲಿಗೆ ಹೋಗುವಷ್ಟರಲ್ಲಿ ಕಣಗಳನ್ನು ಬಿಡಿಬಿಡಿಯಾಗಿಟ್ಟಿದ್ದ ಆವೇಶವೂ ಕರಗಿ ಕೊಲಾಯ್ಡ್ ಒಡೆಯುತ್ತದೆ. ಸಿಗುವ ಕಿಂಡಿ ಕಿರಿದು. ಅರ್ಧ ಪಿಎಚ್‌ನಂತೆ ಹೆಜ್ಜೆ ಇಟ್ಟು, ಪ್ರತಿ ಹೆಜ್ಜೆಗೂ ಬಣ್ಣ ನೋಡುತ್ತ ಹುಡುಕಬೇಕು. ಇಂಥ ಅಣುಗಳೇ ನಿಮ್ಮ ಮುಖ್ಯ ಕೆಲಸವಾದರೆ ಧನ ಆವೇಶದ ಹೊದಿಕೆಯ ಕಣ ಮಾಡಿಕೊಳ್ಳುವುದು ಜಾಣತನ.

ಎರಡನೆಯದು ಜಾಗದ ಜಗಳ. ಕಣದ ಮೇಲ್ಮೈಯಲ್ಲಿ ಆಗಲೇ ಯಾರೋ ಕೂತಿದ್ದಾರೆ. ಚಿನ್ನದ ನ್ಯಾನೊ ಕಡ್ಡಿಗಳಿಗೆ ಸುತ್ತಿದ ಸಿಟಿಎಬಿ (ಸೋಪಿನಂಥ ಒಂದು ರಾಸಾಯನಿಕ), ಪಿವಿಪಿ ಎಂಬ ಪಾಲಿಮರ್ ಹೊದಿಕೆ, ರಕ್ತದ್ರವದ ಪ್ರೋಟೀನ್, ಮಾದರಿಯ ಜೊತೆ ಬಂದ ಡಿಟರ್ಜೆಂಟ್, ಇವೆಲ್ಲ ದಾರಿಗೆ ಅಡ್ಡ. ಸಿಟ್ರೇಟ್ ಸಡಿಲವಾಗಿ ಕೂತಿರುತ್ತದೆ, ಕ್ಲೋರೈಡ್ ಅದನ್ನು ಎಬ್ಬಿಸಬಲ್ಲದು, ಸಿಟಿಎಬಿ ಹಾಗಲ್ಲ. ಎರಡು ಸಲ ಸೆಂಟ್ರಿಫ್ಯೂಜ್ ಮಾಡಿ ತೊಳೆದರೆ ಸಡಿಲವಾದದ್ದು ಹೋಗುತ್ತದೆ, ಅದಕ್ಕಿಂತ ಹೆಚ್ಚು ತೊಳೆದರೆ ಕಣಗಳೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪ್ರೋಟೀನ್ ಇರುವ ಮಾದರಿಯಲ್ಲಿ ಮೊದಲು ಪ್ರೋಟೀನ್ ತೆಗೆಯಿರಿ, ಆಮೇಲೆ ಮಿಕ್ಕ ಮಾತು.

ಮಾದರಿ ಹೆಚ್ಚು ಹಾಕಿದಷ್ಟೂ ಸಿಗ್ನಲ್ ಕುಗ್ಗುತ್ತಿದ್ದರೆ ಗಾಬರಿ ಬೇಡ. ಒಂದು ಪದರ ತುಂಬಿದ ಮೇಲೆ ಕೂರಲು ಜಾಗವಿಲ್ಲ, ಜೊತೆಗೆ ಅಣುವೇ ಕಣಗಳನ್ನು ಅತಿಯಾಗಿ ಗುಂಪುಗಟ್ಟಿಸಿ ತಳ ಸೇರಿಸುತ್ತಿರಬಹುದು. ಹತ್ತು ಪಟ್ಟು ತೆಳುಮಾಡಿ ಮತ್ತೆ ಅಳೆಯಿರಿ. ಎಷ್ಟೋ ಸಲ ಪೀಕ್ ಆಗಲೇ ಏಳುತ್ತದೆ.

ಉಪ್ಪು, ಸಮಯ, ಕ್ರಮ

ಅಂಟಿದೆ, ಆದರೂ ಸಿಗ್ನಲ್ ಇಲ್ಲವೆಂದರೆ ಕಣಗಳು ಬಿಡಿಯಾಗಿಯೇ ಇವೆ ಅಥವಾ ಅತಿಯಾಗಿ ಗುಂಪುಗಟ್ಟಿವೆ. ಎರಡನ್ನೂ ಒಂದೇ ಸಂಜೆ ಪತ್ತೆ ಮಾಡಬಹುದು. ಐದು ಟ್ಯೂಬ್‌ಗಳಲ್ಲಿ ಅಷ್ಟಷ್ಟೇ ಕೊಲಾಯ್ಡ್, ಅಷ್ಟಷ್ಟೇ ಮಾದರಿ ಹಾಕಿ, ಕೊನೆಯಲ್ಲಿ ಸೋಡಿಯಂ ಕ್ಲೋರೈಡ್ 5, 10, 20, 40, 80 ಮಿಲಿಮೋಲಾರ್ ಆಗುವಂತೆ ಸೇರಿಸಿ. ಉಪ್ಪು ಹಾಕಿದ ಗಳಿಗೆಯಿಂದ ಗಡಿಯಾರ ಹಿಡಿದು ಅರ್ಧ ನಿಮಿಷಕ್ಕೊಂದು ರೋಹಿತ ತೆಗೆಯುತ್ತ ಹೋಗಿ. ಚಿನ್ನವಾದರೆ ಬಣ್ಣ ಕಣ್ಣೆದುರೇ ಮಾತಾಡುತ್ತದೆ: ಮೊದಲೆರಡು ಟ್ಯೂಬ್ ಕೆಂಪಾಗಿಯೇ ಉಳಿದು, ನಡುವಿನದು ನೇರಳೆಗೆ ಜಾರಿ, ಕೊನೆಯದು ನೀಲಿ-ಬೂದಾಗಿ ಆಮೇಲೆ ಮೇಲೆಲ್ಲ ತಿಳಿ, ತಳದಲ್ಲಿ ಕಪ್ಪು ಪುಡಿ. ನಿಮಗೆ ಬೇಕಾದದ್ದು ಆ ನೇರಳೆಯ ಹೊತ್ತು. ಪೀಕ್ ಏರಿ, ಸ್ವಲ್ಪ ಹೊತ್ತು ನಿಂತು, ಇಳಿಯತೊಡಗುತ್ತದೆ. ನಿಂತಿರುವ ಆ ಅವಧಿಯನ್ನು ಬರೆದಿಟ್ಟುಕೊಂಡು ಮುಂದೆ ಎಲ್ಲ ಮಾದರಿಗಳನ್ನೂ ಅದೇ ನಿಮಿಷದಲ್ಲಿ ಅಳೆಯಿರಿ. "ನಿನ್ನೆ ಬಂತು, ಇವತ್ತು ಬರುತ್ತಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಉಪ್ಪು ಹಾಕಿ ಫೋನ್‌ನಲ್ಲಿ ಮಾತಾಡಲು ಹೋದ ಐದು ನಿಮಿಷ.

ಹಾಕುವ ಕ್ರಮ: ಕೊಲಾಯ್ಡ್, ಮಾದರಿ, ಕೊನೆಗೆ ಉಪ್ಪು. ಉಪ್ಪನ್ನು ಮೊದಲು ಹಾಕಿದರೆ ಸಂದಿಗಳು ಅಣುವಿಲ್ಲದೆ ಮುಚ್ಚಿಕೊಳ್ಳುತ್ತವೆ, ಆಮೇಲೆ ಬಂದ ಅಣುವಿಗೆ ಒಳಗೆ ನುಸುಳಲು ಕಷ್ಟ.

ಮಾದರಿಯನ್ನು ಪಿಬಿಎಸ್ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ಫಾಸ್ಫೇಟ್ ಉಪ್ಪುನೀರಿನಲ್ಲಿ) ಕರಗಿಸಿಟ್ಟವರು ಈ ಕ್ರಮವನ್ನು ತಮಗೆ ಗೊತ್ತಿಲ್ಲದೆ ಮುರಿಯುತ್ತಿರುತ್ತಾರೆ. ಪಿಬಿಎಸ್‌ನಲ್ಲಿ 137 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇದೆ. ಸಮಸಮ ಬೆರೆಸಿದರೆ ಕೊಲಾಯ್ಡ್‌ಗೆ 68 ಮಿಲಿಮೋಲಾರ್ ಉಪ್ಪು ಒಂದೇ ಏಟಿಗೆ ಬೀಳುತ್ತದೆ. ಕೊಲಾಯ್ಡ್ ಅಲ್ಲಿಗೇ ಒಡೆದು, ನೀವು "ಅಧಿಕೃತ" ಉಪ್ಪು ಹಾಕುವಷ್ಟರಲ್ಲಿ ಆಟ ಮುಗಿದಿರುತ್ತದೆ. ನೀರಿನಲ್ಲಿ ಕರಗಿಸಿ, ಅಥವಾ ಬಫರನ್ನು ಚೆನ್ನಾಗಿ ತೆಳುಮಾಡಿ. ಕ್ಲೋರೈಡ್ ನಿಮ್ಮ ಅಣುವಿನ ಜಾಗವನ್ನೇ ಕಿತ್ತುಕೊಳ್ಳುತ್ತಿದೆ ಎಂಬ ಅನುಮಾನವಿದ್ದರೆ ಮೆಗ್ನೀಸಿಯಂ ಸಲ್ಫೇಟ್ ಪ್ರಯತ್ನಿಸಿ. ಸಲ್ಫೇಟ್ ಲೋಹವನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಎರಡು ಆವೇಶದ ಮೆಗ್ನೀಸಿಯಂ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ.

ಪೀಕ್ ಇದೆ, ಆದರೆ ನಿಮ್ಮದಲ್ಲ

ಇದು ಚಪ್ಪಟೆ ಗೆರೆಗಿಂತ ಅಪಾಯಕಾರಿ, ಏಕೆಂದರೆ ನೋಡಿದವರಿಗೆ ಖುಷಿಯಾಗುತ್ತದೆ.

1360 ಮತ್ತು 1580ರ ಸುತ್ತ ಎರಡು ಅಗಲ ದಿಬ್ಬ, ಕ್ಷಣಕ್ಷಣಕ್ಕೂ ಆಕಾರ ಬದಲಿಸುತ್ತ ಮಿಣುಕಾಡುತ್ತಿದ್ದರೆ ಅದು ಇಂಗಾಲ. ಲೇಸರ್ ನಿಮ್ಮ ಅಣುವನ್ನೋ ಸಿಟ್ರೇಟನ್ನೋ ಸುಟ್ಟು ಮಸಿ ಮಾಡಿದೆ. ಒಣಗಿಸಿದ ಮಾದರಿಯಲ್ಲಿ ಇದು ಬಲು ಸಾಮಾನ್ಯ. ಮಾದರಿಯ ಮೇಲೆ ಬೀಳುವ ಶಕ್ತಿಯನ್ನು 1 ಮಿಲಿವ್ಯಾಟ್‌ಗಿಂತ ಕೆಳಗಿಳಿಸಿ, ಫೋಕಸ್ ಸ್ವಲ್ಪ ಸಡಿಲಿಸಿ, ಅಳತೆಯ ಸಮಯ ಹೆಚ್ಚಿಸಿ. ಶಕ್ತಿ ಅರ್ಧಕ್ಕಿಳಿಸಿದಾಗ ಸಿಗ್ನಲ್ ಸುಮಾರು ಅರ್ಧವಾದರೆ ನೀವು ಸುರಕ್ಷಿತ ವಲಯದಲ್ಲಿದ್ದೀರಿ. ರೋಹಿತದ ರೂಪವೇ ಬದಲಾದರೆ ಇನ್ನೂ ಇಳಿಸಿ.

ಸುಡದೆಯೂ ಅಣು ಬೇರೆಯಾಗಬಹುದು. 4-ಅಮಿನೊಥಯೊಫೀನಾಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಸರ್ಸ್‌ನಲ್ಲಿ ಕಾಣುವ 1140, 1390, 1435ರ ಪೀಕ್‌ಗಳನ್ನು ಬಹುಕಾಲ ಆ ಅಣುವಿನದೇ ಎಂದು ಓದಲಾಗುತ್ತಿತ್ತು. ಲೋಹದ ಮೇಲೆ ಬೆಳಕು ಬಿದ್ದಾಗ ಎರಡು ಅಣು ಸೇರಿ ಉಂಟಾಗುವ ಅಜೊ ಸಂಯುಕ್ತದ ಪೀಕ್‌ಗಳು ಅವು ಎಂದು ಆಮೇಲೆ ತಿಳಿಯಿತು. ನಿಮ್ಮ ಅಣುವಿನಲ್ಲಿ ಅಮೈನ್ ಅಥವಾ ನೈಟ್ರೊ ಗುಂಪಿದ್ದು, ಸಾಮಾನ್ಯ ರಾಮನ್‌ನಲ್ಲಿ ಇಲ್ಲದ ಪೀಕ್‌ಗಳು ಹೊತ್ತು ಕಳೆದಂತೆ ಬೆಳೆಯುತ್ತಿದ್ದರೆ ಇದನ್ನು ನೆನೆಯಿರಿ.

240ರ ಹತ್ತಿರದ ಬಲವಾದ ಪೀಕ್ ಬೆಳ್ಳಿ–ಕ್ಲೋರೈಡ್ ಬಂಧದ್ದು; ಉಪ್ಪು ಹಾಕಿದ್ದೀರಿ, ಬಂದಿದೆ. ಉಳಿದ ಅಪರಿಚಿತ ಪೀಕ್‌ಗಳಿಗೆ ಮದ್ದು ಒಂದೇ: ಮಾದರಿ ಬಿಟ್ಟು ಉಳಿದದ್ದನ್ನೆಲ್ಲ, ಅದೇ ಕ್ರಮದಲ್ಲಿ, ಅದೇ ಪ್ರಮಾಣದಲ್ಲಿ ಬೆರೆಸಿದ ಬ್ಲ್ಯಾಂಕ್. ಬರೀ ಕೊಲಾಯ್ಡ್ ಬ್ಲ್ಯಾಂಕ್ ಅಲ್ಲ. ಗುಂಪುಗಟ್ಟದ ಕೊಲಾಯ್ಡ್ ತನ್ನ ಕೊಳೆಯನ್ನು ತೋರಿಸುವುದಿಲ್ಲ, ಉಪ್ಪು ಬಿದ್ದ ಮೇಲಷ್ಟೇ ಸಿಟ್ರೇಟ್ ಮತ್ತು ಕಲ್ಮಶಗಳ ಪೀಕ್ ಏಳುತ್ತವೆ. ಬ್ಲ್ಯಾಂಕ್‌ನಲ್ಲಿ ನಿನ್ನೆಯ ಬಣ್ಣದ ಅಣು ಕಂಡರೆ ಕ್ಯೂವೆಟ್ ತೊಳೆದದ್ದು ಸಾಲದು. ಕ್ರಿಸ್ಟಲ್ ವಯೊಲೆಟ್ ಗಾಜಿಗೆ ಹಿಡಿದುಕೊಂಡರೆ ನೀರಿಗೆ ಬಗ್ಗುವುದಿಲ್ಲ. ಬಣ್ಣಗಳಿಗೆಂದೇ ಬೇರೆ ಕ್ಯೂವೆಟ್ ಮೀಸಲಿಡುವುದು ಒಳ್ಳೆಯದು.

ಅಂಕಿ ಒಂದಕ್ಕೊಂದು ಹೊಂದುತ್ತಿಲ್ಲ

ಹನಿ ಒಣಗಿಸಿ ಅಳೆಯುವವರಲ್ಲಿ ಈ ದೂರು ಹೆಚ್ಚು. ಒಣಗುವಾಗ ಕಣಗಳೆಲ್ಲ ಹನಿಯ ಅಂಚಿಗೆ ಹೋಗಿ ಉಂಗುರ ಕಟ್ಟುತ್ತವೆ. ಉಂಗುರದ ಮೇಲೆ ಒಂದು ಎತ್ತರ, ಎರಡು ಕೂದಲೆಳೆ ಈಚೆಗೆ ಇನ್ನೊಂದು. ಒಳ್ಳೆಯ ಜಾಗ ಆರಿಸಿ ಅಳೆಯುವುದು ಅಳತೆಯಲ್ಲ. ಚೌಕಳಿ ಹಾಕಿ ಹತ್ತಾರು ಬಿಂದುಗಳಲ್ಲಿ ತೆಗೆದು ಮಧ್ಯಾಂಕ ಹಿಡಿಯಿರಿ, ಇಲ್ಲವೇ ದ್ರವದಲ್ಲೇ ಅಳೆಯಿರಿ. ದ್ರವದಲ್ಲಿ ಕಣಗಳು ಕಿರಣದೊಳಗೆ ಬಂದು ಹೋಗುತ್ತಿರುವುದರಿಂದ ಸರಾಸರಿ ತಾನಾಗಿಯೇ ಆಗುತ್ತದೆ.

ಪ್ರಮಾಣ ಹೇಳಬೇಕಾದ ಕೆಲಸದಲ್ಲಿ ಆಂತರಿಕ ಮಾನಕವಿಲ್ಲದೆ ಮುಂದುವರಿಯಬೇಡಿ. ಬೇರೆ ಜಾಗದಲ್ಲಿ ಪೀಕ್ ಕೊಡುವ, ಲೋಹಕ್ಕೆ ಅಂಟುವ ಇನ್ನೊಂದು ಅಣುವನ್ನು ಎಲ್ಲ ಟ್ಯೂಬ್‌ಗಳಿಗೂ ಅಷ್ಟಷ್ಟೇ ಹಾಕಿ, ಎರಡು ಪೀಕ್‌ಗಳ ಅನುಪಾತ ನೋಡಿ. ಫೋಕಸ್ ಜಾರಿದರೂ ಗುಂಪುಗಟ್ಟುವಿಕೆ ಏರುಪೇರಾದರೂ ಎರಡೂ ಒಟ್ಟಿಗೆ ಏರಿ ಇಳಿಯುತ್ತವೆ. ಮಾನಕ ಎಷ್ಟು ಹಾಕಬೇಕೆಂದರೆ ತನ್ನ ಪೀಕ್ ಕಾಣುವಷ್ಟು ಮಾತ್ರ, ಅದಕ್ಕಿಂತ ಹೆಚ್ಚಾದರೆ ಅದೇ ಜಾಗ ಹಿಡಿದು ನಿಮ್ಮ ಅಣುವನ್ನು ಹೊರದಬ್ಬುತ್ತದೆ. ಹೊಸ ಬ್ಯಾಚ್ ಕೊಲಾಯ್ಡ್ ಬಳಕೆಗೆ ತರುವ ಮುನ್ನ ಹಳೆಯದರಲ್ಲಿ ಕೆಲವು ಮಿ.ಲೀ. ಉಳಿಸಿಟ್ಟುಕೊಂಡು, ಒಂದೇ ಮಾದರಿಯನ್ನು ಒಂದೇ ದಿನ ಎರಡರಲ್ಲೂ ಅಳೆಯಿರಿ. ಅನುಪಾತ ಹೊಂದಿದರೆ ಮುಂದುವರಿಯಿರಿ. ಹೊಂದದಿದ್ದರೆ ಉಪ್ಪಿನ ಐದು ಟ್ಯೂಬ್‌ಗಳ ಪರೀಕ್ಷೆಯನ್ನು ಹೊಸ ಬ್ಯಾಚ್‌ಗೆ ಇನ್ನೊಮ್ಮೆ ಮಾಡಿ, ಹಳೆಯ ಪ್ರಮಾಣ ಅದಕ್ಕೆ ಸಲ್ಲುವುದಿಲ್ಲ.